ಬೇಸಗೆಯ ಜಾತ್ರೆಯೂ ಪರವೂರಿನವನೂ



ಮೀನ ಸಂಕ್ರಮಣದಿಂದ ಮೊದಲ್ಗೊಂಡು ಮೇ ತಿಂಗಳ 24ರ ಸುಮಾರಿಗೆ ಬರುವ ಪತ್ತನಾಜೆಯವರೆಗೆ, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ ಭೂತಗಳ ನೇಮ ನಿಂತು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವವರೆಗೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಸೀಮೆಯಲ್ಲಿ ಎಲ್ಲಿಯಾದರೂ ಒಂದು ಕಡೆಯಿಂದ ವಾದ್ಯದ ಸದ್ದು ತೇಲಿಬಾರದ ರಾತ್ರಿ ವಿರಳವೆಂದೇ ಹೇಳಬೇಕು. ಈ ಉತ್ಸವಗಳ ಸ್ಥಳಪುರಾಣವನ್ನೂ ಶಾಸನಾಧಾರಗಳನ್ನೂ ವಿದ್ವಾಂಸರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ನಾನು ಇಂದು ವಿಚಾರಿಸಬೇಕೆಂದಿರುವುದು ದೇವರನ್ನಲ್ಲ, ಅರಸರನ್ನಲ್ಲ, ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ ‘ಊರ ಪರವೂರ ಭಕ್ತಾದಿಗಳು’ ಎಂದು ಕರೆಯಿಸಿಕೊಳ್ಳುವವರಲ್ಲಿ ಆ ಎರಡನೆಯವನನ್ನು: ಸುಡುಬಿಸಿಲಿನಲ್ಲಿ ಬಸ್ಸಿಳಿದು, ಗದ್ದೆಯ ಹುಣಿಯ ಮೇಲೆ ನಡೆದು, ಗುರುತಿಲ್ಲದ ಊರಿನ ಜಾತ್ರೆಗೆ ಬಂದು ನಿಲ್ಲುವ ಮನುಷ್ಯನನ್ನು. ಅವನಿಗೆ ಅಲ್ಲಿ ಏನು ದೊರೆಯುತ್ತದೆ? ಹಿಂದೆ ಏನು ದೊರೆಯುತ್ತಿತ್ತು? ನನಗೆ ತೋರುವಂತೆ, ನಮ್ಮ ಜಾತ್ರೆಗಳು ಬಂದವನನ್ನು ಬರಿಯ ಪ್ರೇಕ್ಷಕನಾಗಿ ಉಳಿಯಗೊಡುತ್ತಿರಲಿಲ್ಲ. ಅವನನ್ನು ಯಾರೆಂದು ವಿಚಾರಿಸುತ್ತಿದ್ದವು, ಅವನಿಗೊಂದು ಪಾಲು ಕೊಡುತ್ತಿದ್ದವು, ಎಲ್ಲಕ್ಕಿಂತ ಮಿಗಿಲಾಗಿ ಧಾರಾಳವಾಗಿ ಹೊತ್ತನ್ನು ಕೊಡುತ್ತಿದ್ದವು. ಈ ಮೂರೂ ಈಗ ನಮ್ಮ ಕಣ್ಣೆದುರಿನಲ್ಲೇ ಕ್ಷೀಣಿಸುತ್ತಿವೆ ಎಂಬ ಕಳವಳವೇ ಈ ಮಾತುಗಳಿಗೆ ಪ್ರೇರಣೆ.

ಹೊತ್ತಿನ ವಿಚಾರಕ್ಕೆ ಪೊಳಲಿಗಿಂತ ಉತ್ತಮವಾದ ನಿದರ್ಶನ ಇನ್ನೊಂದಿಲ್ಲ. ಫಲ್ಗುಣೀ ನದಿಯ ದಡದಲ್ಲಿರುವ ಈ ಕ್ಷೇತ್ರದಲ್ಲಿ ಶ್ರೀ ರಾಜರಾಜೇಶ್ವರಿಯ ಮೂರ್ತಿ ಶಿಲೆಯದಲ್ಲ, ಲೋಹದ್ದಲ್ಲ, ಮೃಣ್ಮಯವಾದದ್ದು. ಆ ಮಣ್ಣಿನ ಮಹಾಮೂರ್ತಿಯ ಮುಂದೆ ಸುಮಾರು ಒಂದು ತಿಂಗಳ ಕಾಲ ಜಾತ್ರೆ ನಡೆಯುತ್ತದೆ. ಸುಮಾರು ಎಂದೆನಷ್ಟೆ, ಅದು ಕೇವಲ ನನ್ನ ಮಾತಿನ ಸಂಕೋಚವಲ್ಲ. ಈ ವರ್ಷದ ಜಾತ್ರೆ ಇಷ್ಟೇ ದಿನದ್ದೆಂದು ಪರಂಪರೆಯಂತೆ ಮುಂಚಿತವಾಗಿ ಯಾರೂ ಹೇಳುವಂತಿಲ್ಲ. ಮೂಡುಬಿದಿರೆಯ ಸಮೀಪದ ಪುತ್ತಿಗೆಯ ಜೋಯಿಸರು ದಿನವನ್ನು ಗುಣಿಸಿ ತಿಳಿಸಬೇಕು. ಧ್ವಜವೇರಿದ ಮೇಲೆ ‘ಕುದಿ ಕರೆದು’ ಅದನ್ನು ಊರಿಗೆ ಸಾರಬೇಕು. ಹೀಗೆ ಬಂಟ್ವಾಳ ಸೀಮೆಯ ದೇವಿಯ ಉತ್ಸವದ ಲೆಕ್ಕ ಮೂಡುಬಿದಿರೆಯ ಕಡೆಯಿಂದ ಬರುತ್ತದೆ. ಜಾತ್ರೆಯ ಕೊನೆಯ ಭಾಗದಲ್ಲಿ ಐದು ದಿನ ನಡೆಯುವ ಪೊಳಲಿ ಚೆಂಡಿನ ಚರ್ಮದ ಚೆಂಡನ್ನು ಹೊಲಿದುಕೊಡುವವರೂ ಮೂಡುಬಿದಿರೆಯ ಚರ್ಮಕಾರರೇ. ಅದನ್ನು ತಂದೊಪ್ಪಿಸುವ ಹಕ್ಕು ಮಿಜಾರಿನ ಗಾಣಿಗ ಮನೆತನದ್ದು. ಎರಡು ಬಣದ ಜನ ದೇವಸ್ಥಾನದ ಎದುರಿನ ಗದ್ದೆಯಲ್ಲಿ ಆ ಚೆಂಡಿಗಾಗಿ ಸೆಣಸುವುದನ್ನು ಧರ್ಮಾಧರ್ಮಗಳ ಯುದ್ಧವೆಂದು ಆಸ್ತಿಕರು ಭಾವಿಸುತ್ತಾರೆ. ಗದ್ದೆಯಂಚಿನಲ್ಲಿ ನಿಂತ ಪರವೂರಿನವನಿಗೆ ಅದರ ನಿಯಮ ತಿಳಿಯುವ ಮೊದಲೇ, ಪಕ್ಕದಲ್ಲಿ ನಿಂತ ಯಾರೋ ಒಬ್ಬ ಹಿರಿಯರು ತಾವು ಯಾವ ಬಣದವರೆಂಬುದನ್ನು ಹೇಳಿ, ಅವನನ್ನೂ ಆ ಬಣಕ್ಕೆ ಸೇರಿಸಿಕೊಂಡುಬಿಡುತ್ತಾರೆ. ಒಂದು ಗಳಿಗೆಯ ಬಳಿಕ ಅವನೂ ಕೂಗುತ್ತಿರುತ್ತಾನೆ.

ಚೆಂಡು ಮುಗಿದು, ರಥೋತ್ಸವವಾಗಿ, ಆರಾಟದ ಹೊತ್ತಿಗೆ ಪೊಳಲಿಗೆ ಹೋದವರು ಬಚ್ಚಂಗಾಯಿ ಇಲ್ಲದೆ ಹಿಂದಿರುಗುವುದು ಈ ಸೀಮೆಯಲ್ಲಿ ಕಲ್ಪನೆಗೂ ಮೀರಿದ ಸಂಗತಿ. ಫಲ್ಗುಣಿಯ ಆಚೀಚೆಯ ಮಳಲಿ, ಉಳಾಯಿಬೆಟ್ಟಿನ ರೈತರು ಸುಗ್ಗಿಯ ಬಳಿಕದ ಗದ್ದೆಗಳಲ್ಲಿ ಈ ಜಾತ್ರೆಯನ್ನೇ ಲಕ್ಷ್ಯದಲ್ಲಿರಿಸಿ ಬೆಳೆದ ಕಾಯಿಗಳು ರಾಶಿರಾಶಿಯಾಗಿ ದಾರಿಯ ಇಕ್ಕೆಲಗಳಲ್ಲಿ ಬೀಳುತ್ತವೆ. ಗಂಧಪ್ರಸಾದದಷ್ಟೇ ಭಕ್ತಿಯಿಂದ ಜನ ಅದನ್ನು ಹೊತ್ತೊಯ್ದು ನೆರೆಮನೆಗಳಿಗೆ ಹಂಚುತ್ತಾರೆ. ಜಾತ್ರೆಗೆ ಹೋಗಲಾರದ ಮುದುಕಿಗೂ ಜಾತ್ರೆ ಮುಟ್ಟುವುದು ಹೀಗೆ. ಪಾಲು ಎಂದು ನಾನು ಹೇಳಿದ್ದು ಇದನ್ನೇ.

ಇನ್ನು ವಿಚಾರಿಸುವ ಕ್ರಮ. 1623ರ ಕೊನೆಯಲ್ಲಿ ರೋಮಾಪುರಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಮಂಗಳೂರಿನಿಂದ ಹೊರಟು, ಪೊಳಲಿಗೆ ಹೊಳೆಯಾಚೆ ಇರುವ ಮಳಲಿಯ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ಅರಮನೆಯ ವೈಭವವನ್ನು ನಿರೀಕ್ಷಿಸಿದ್ದ ಅವನಿಗೆ ಕಾಣಿಸಿದ್ದು ಬರಿಗಾಲಿನಲ್ಲಿ, ಸಾಮಾನ್ಯವಾದ ಬಿಳಿಯ ಅರಿವೆಯುಟ್ಟು, ತಾಳೆಗರಿಯ ಕೊಡೆಯ ನೆರಳಿನಲ್ಲಿ ನಿಂತು, ನೀರಿನ ಕಾಲುವೆ ತೋಡಿಸುತ್ತಿದ್ದ ಹೆಂಗಸು. ಆಕೆ ಅವನನ್ನು ಕೇಳಿದ ಪ್ರಶ್ನೆಗಳನ್ನು ಅವನು ತನ್ನ ಪತ್ರದಲ್ಲಿ ಆದರದಿಂದ ಬರೆದಿಟ್ಟಿದ್ದಾನೆ: ಯಾವ ನಾಡಿನವನು, ಎಲ್ಲೆಲ್ಲಿ ತಿರುಗಿ ಬಂದೆ, ಮನೆಮಾರು ತೊರೆದು ಇಷ್ಟು ದೂರ ಹೊರಡುವಂಥ ದುಃಖವೇನು ಬಂದಿತ್ತು? ಸಾಮಂತರಾಣಿಯೊಬ್ಬಳು ವಿದೇಶೀಯನಲ್ಲಿ ರಾಜಕಾರಣದ ಸಮಾಚಾರವನ್ನು ಮಾತ್ರ ಕೇಳಬಹುದಾಗಿದ್ದಾಗ, ಅವನ ಮನಸ್ಸಿನ ಸಮಾಚಾರವನ್ನೂ ಕೇಳಿದಳು ಎಂಬುದು ನನಗೆ ಈ ನೆಲದ ಅತಿಥಿಧರ್ಮದ ಪ್ರಾಚೀನ ದಾಖಲೆಯಾಗಿ ಕಾಣುತ್ತದೆ. ಬೆಲ್ಲ ನೀರು ಕೊಟ್ಟು ‘ಎಲ್ಲಿಂದ ಬಂದಿರಿ, ಯಾರ ಮನೆಯವರಾಯಿತು?’ ಎಂದು ಕೇಳುವ ನಮ್ಮ ಅಜ್ಜಿಯಂದಿರು ಆ ರಾಣಿಯ ಹೆಸರನ್ನು ಕೇಳಿಲ್ಲದಿರಬಹುದು. ಪ್ರಶ್ನೆಯ ಪರಂಪರೆ ಮಾತ್ರ ಒಂದೇ.

ಭೂತದ ನೇಮದಲ್ಲಿ ಈ ವಿಚಾರಣೆ ದೈವದ ಬಾಯಿಂದಲೇ ಬರುತ್ತದೆ. ಗುತ್ತಿನ ಯಜಮಾನರನ್ನು, ಮನೆಮನೆಯ ಹಿರಿಯರನ್ನು ಕ್ರಮವರಿತು ಹೆಸರಿಸಿ ಕರೆದ ಬಳಿಕ, ದೈವವು ನೆರೆದ ಹತ್ತು ಸಮಸ್ತರನ್ನು ಕುರಿತು ಅಭಯದ ನುಡಿಯಾಡುವಾಗ, ದೂರದಲ್ಲಿ ನಿಂತ ಅಪರಿಚಿತನೂ ಆ ಸಮಸ್ತರೊಳಗೆ ಸೇರಿದವನೇ ಆಗುತ್ತಾನೆ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಳೆಯ ವ್ಯವಸ್ಥೆ ಪ್ರತಿಯೊಬ್ಬನಿಗೂ ಪಾಲು ಕೊಟ್ಟಿತೆಂಬುದು ನಿಜವಾದರೂ, ನಿಲ್ಲುವ ಸ್ಥಳವನ್ನು ಜಾತಿಯಿಂದ ಅಳೆದು ಕೊಟ್ಟಿತೆಂಬುದೂ ಅಷ್ಟೇ ನಿಜ. ದೈವವನ್ನು ಮೈಮೇಲೆ ಹೊತ್ತು ನುಡಿಕೊಡುವ ಕಲಾವಿದನನ್ನೇ, ಅಣಿ ಇಳಿಸಿದ ಮರುಗಳಿಗೆ, ಅಂಗಳದಾಚೆ ನಿಲ್ಲಿಸಿದ ಸಮಾಜ ನಮ್ಮದು. ಹೊಲಿದ ಕೈಗಿಂತ ಚೆಂಡಿಗೆ ಹೆಚ್ಚಿನ ಗೌರವ ದೊರೆಯುತ್ತಿದ್ದ ಆ ಕಾಲಕ್ಕೆ ನಾವು ಹಿಂದಿರುಗಬೇಕೆಂದು ಯಾರೂ ಆಶಿಸಲಾಗದು, ನಾನಂತೂ ಆಶಿಸಲಾರೆ. ಪಾಲನ್ನು ಉಳಿಸಿಕೊಂಡು ಅಳತೆಗೋಲನ್ನು ಮುರಿಯುವುದು ಹೇಗೆಂಬುದೇ ಇಂದಿನ ಪ್ರಶ್ನೆ.

ಹೊತ್ತು ಕೊಟ್ಟು ಕೇಳಿದ ಪರವೂರಿನವನಿಗೆ ಈ ನೆಲ ಏನನ್ನು ಕೊಡಬಲ್ಲುದೆಂಬುದಕ್ಕೆ ಬೆಳ್ತಂಗಡಿ ತಾಲೂಕಿನಲ್ಲಿಯೇ ಒಂದು ಸಾಕ್ಷ್ಯವಿದೆ. ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು, ಸಿರಿ ಎಂಬ ತುಳುವರ ದೈವದ ಜಾತ್ರೆಯ ಹುಣ್ಣಿಮೆಯ ರಾತ್ರಿಗಳಲ್ಲಿ, ಸಿರಿಯ ಆವೇಶಕ್ಕೆ ಒಳಗಾದ ಹೆಣ್ಣುಮಕ್ಕಳನ್ನು ನಡೆಸಿ ನುಡಿಸುತ್ತಿದ್ದವರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡನೆ, 1990ರ ಡಿಸೆಂಬರಿನಲ್ಲಿ ಹಲವು ದಿನ ಕುಳಿತು ಅವರ ಬಾಯಿಂದ ಸಿರಿಯ ಸಂಧಿ ಎಂಬ ಮೌಖಿಕ ಕಾವ್ಯವನ್ನು ಆಮೂಲಾಗ್ರವಾಗಿ ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಜಾತ್ರೆಯ ಗದ್ದಲದಲ್ಲಿ ಒಂದು ರಾತ್ರಿ ನಿಂತು ಹೋಗುವವನಿಗೆ ದೊರೆಯುತ್ತಿದ್ದುದು ಕೆಲವು ಕೂಗುಗಳು, ಹಿಂಗಾರದ ಹೂವಿನ ಪರಿಮಳ, ಅಷ್ಟೇ. ಕೇಳುವೆನೆಂದು ಕುಳಿತವನಿಗೆ ದೊರೆತದ್ದು ಒಂದು ಮಹಾಕಾವ್ಯ.

ಎಲ್ಲರೂ ಹೋಂಕೊ ಆಗಲಾರರು. ಆದರೆ ಒಂದು ರಾತ್ರಿ ಪೂರ್ತಿ ಕುಳಿತಿರುವ ಅವಕಾಶವನ್ನು ಯಕ್ಷಗಾನದ ಹರಕೆಯಾಟಗಳು ಎಲ್ಲರಿಗೂ ಕೊಟ್ಟಿದ್ದವು. ಹಿಂದಿರುಗಲು ಬಸ್ಸಿಲ್ಲದ, ದಾರಿಯಲ್ಲಿ ದೀಪವಿಲ್ಲದ ಕಾಲದಲ್ಲಿ ಆಟಕ್ಕೆ ಬಂದವನು ಬೆಳಗಿನವರೆಗೆ ಇರುವುದು ಅನಿವಾರ್ಯವಾಗಿತ್ತು. ಆ ಅನಿವಾರ್ಯದಿಂದಲೇ ಒಂದು ಸಂಸ್ಕೃತಿ ಹುಟ್ಟಿತು: ಗದ್ದೆಯಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಲಗಿಸುವುದು, ಬಣ್ಣದ ವೇಷ ಬರುವ ಹೊತ್ತಿಗೆ ಎಬ್ಬಿಸುವುದು, ನಡುರಾತ್ರಿ ಚೌಕಿಯ ಬಾಗಿಲಲ್ಲಿ ನಿಂತು ಮುಖವರ್ಣಿಕೆಯನ್ನು ಕಣ್ಣು ಕೀಲಿಸಿ ನೋಡುವುದು, ಗೋಳಿಬಜೆಯ ಅಂಗಡಿಯ ಮುಂದೆ ಅರ್ಥಗಾರಿಕೆಯ ಗುಣದೋಷ ವಿಮರ್ಶೆ, ಭಾಗವತರು ಮಂಗಳ ಹಾಡುವಾಗ ಪೂರ್ವದಲ್ಲಿ ಕೆಂಪೇರುವುದು. ಈಗ ಹಲವು ಮೇಳಗಳು ಕಾಲಮಿತಿಗೆ ತಿರುಗಿವೆ. ರಾತ್ರಿ 10ರ ಬಳಿಕ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ನೆಯ ಇಸವಿಯ ನಿಯಮಗಳೂ, ಬೆಳಗ್ಗೆ ಕಚೇರಿಗೆ ಹೋಗಬೇಕಾದವರ ಅನುಕೂಲವೂ ಇದಕ್ಕೆ ಕಾರಣ. ನೆರೆಮನೆಯ ರೋಗಿಯ ನಿದ್ರೆಗೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಆದರೂ ಅರ್ಧರಾತ್ರಿಗೆ ಮುಗಿದ ಆಟದಿಂದ ವಾಹನಗಳ ದೀಪ ಉರಿಸಿಕೊಂಡು ಚದುರುವ ಸಭೆಯವರಿಗೆ ಪಕ್ಕದಲ್ಲಿ ಕುಳಿತಿದ್ದವರ ಊರು ತಿಳಿದಿರುವುದಿಲ್ಲ.

ಬಂದವನನ್ನು ಒಳಗೊಳ್ಳುವ ಈ ಗುಣ ಜೈನ ಕ್ಷೇತ್ರಗಳಲ್ಲಿಯೂ ಕಾಣುತ್ತದೆ. ಫಲ್ಗುಣಿಯ ಮೇಲುದಂಡೆಯ ವೇಣೂರಿನಲ್ಲಿ ಅಜಿಲರ ಅರಸು ತಿಮ್ಮರಾಜನು 1604ರಲ್ಲಿ ಪ್ರತಿಷ್ಠಾಪಿಸಿದ 35 ಅಡಿಯ ಗೊಮ್ಮಟನಿಗೆ 2024ರ ಫೆಬ್ರವರಿ ಕೊನೆಯಲ್ಲಿ, ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ, ಮಹಾಮಸ್ತಕಾಭಿಷೇಕ ನಡೆಯಿತು. ಕ್ಷೀರ, ಇಕ್ಷುರಸ, ಅರಿಶಿನ, ಚಂದನಗಳು ಮಸ್ತಕದಿಂದ ಪಾದದವರೆಗೆ ಇಳಿದು ಆ ದಿಗಂಬರ ವಿಗ್ರಹ ಕ್ಷಣಕ್ಷಣಕ್ಕೆ ವರ್ಣಾಂತರ ಹೊಂದುವುದನ್ನು ನೋಡುವಾಗ ಜೈನ, ಅಜೈನ ಎಂಬ ಭೇದ ಸಭೆಯಲ್ಲಿ ಉಳಿಯುವುದಿಲ್ಲ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ತಂಪಾದ ಮಂಟಪದಲ್ಲಿ ಬೇಸಗೆಯ ಮಧ್ಯಾಹ್ನ ಕುಳಿತವರು ಬಲ್ಲರು: ಇಳಿಜಾರಾದ ಆ ಮಾಡುಗಳು ಮಳೆಗಾಗಿ ಆದವೆಂದು ಹೇಳುವುದು ವಾಡಿಕೆ, ಬಿಸಿಲಿನಲ್ಲಿ ಬಂದ ಯಾತ್ರಿಕನಿಗೂ ಅವು ಅಷ್ಟೇ ಉಪಕಾರಿ.

ಧರ್ಮಸ್ಥಳದ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅದು ಪ್ರತ್ಯೇಕ ಉಪನ್ಯಾಸವನ್ನೇ ಬೇಡುವಂಥದು. ದೇವರು ಮಂಜುನಾಥ, ಅರ್ಚಕರು ಮಾಧ್ವರು, ಆಡಳಿತ ಜೈನ ಹೆಗ್ಗಡೆಯವರದು. ವಿಷುವಿನ ಜಾತ್ರೆಯ ಬಳಿಕ, ಬೇಸಗೆಯ ಆ ದಿನಗಳಲ್ಲಿಯೇ, 1972ರಿಂದ ಸಾಮೂಹಿಕ ವಿವಾಹ ನಡೆಯುತ್ತ ಬಂದಿದೆ. ಹತ್ತು ಸಾವಿರಕ್ಕೂ ಮಿಕ್ಕಿದ ದಂಪತಿಗಳು ಅಲ್ಲಿ ಮದುವೆಯಾಗಿದ್ದಾರೆ. ಅವರ ಪಾಲಿಗೆ ಜಾತ್ರೆಯೂರು ಎಂಬುದು ನೋಡಿ ಬಂದ ಊರಲ್ಲ, ಗೃಹಸ್ಥಜೀವನವನ್ನು ಆರಂಭಿಸಿದ ಊರು. ಪರವೂರಿನವನಿಗೆ ಇದಕ್ಕಿಂತ ದೊಡ್ಡ ಪಾಲು ಇನ್ನಾವುದಿದೆ?

ಜಾತ್ರೆಗೆ ಬರುವ ಪರವೂರಿನವನೆಂದರೆ ಭಕ್ತನೊಬ್ಬನೇ ಅಲ್ಲ, ವ್ಯಾಪಾರಿಯೂ ಹೌದು. ಬಳೆಯವನು, ಚರುಮುರಿಯವನು, ಐಸ್‌ಕ್ಯಾಂಡಿಯವನು, ಆಟಿಕೆಯವನು ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಗಂಟು ಹೊತ್ತು ಸಾಗುತ್ತ ಪತ್ತನಾಜೆಯವರೆಗಿನ ಸಂಪಾದನೆಯಲ್ಲಿ ಮಳೆಗಾಲವನ್ನು ಕಳೆಯಬೇಕಾದವರು. ಅವರಲ್ಲಿ ಅನೇಕರು ಬ್ಯಾರಿ ಮುಸಲ್ಮಾನರು, ಕ್ರೈಸ್ತರು. 2022ರ ಬೇಸಗೆಯಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಅನ್ಯಮತೀಯರಿಗೆ ಅಂಗಡಿಯಿಡಲು ಅವಕಾಶವಿಲ್ಲವೆಂಬ ಫಲಕಗಳು ಕಾಣಿಸಿಕೊಂಡವು. ಆ ವಿಷಯದಲ್ಲಿ ನನ್ನ ಮನಸ್ಸು ಸ್ಪಷ್ಟವಾಗಿದೆ. ದೈವದ ಅಭಯ ಹತ್ತು ಸಮಸ್ತರಿಗೆ ಎಂದ ಮೇಲೆ ಆ ಹತ್ತರೊಳಗಿಂದ ಬಳೆ ಮಾರುವವನನ್ನು ಎಣಿಸಿ ಹೊರಗಿಡಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಮಗುವಿನ ಕೈಗೆ ಬಳೆ ತೊಡಿಸುವಾಗ ‘ನೋಯಿತೇ ಮಗಾ?’ ಎಂದು ಕೇಳುತ್ತಿದ್ದ ಆ ಮುದುಕನೂ ಜಾತ್ರೆಯ ಅಂಗವೇ; ಅವನಿಲ್ಲದ ಜಾತ್ರೆಯಲ್ಲಿ ಮಗುವಿಗೆ ಒಂದು ಕೊರತೆ, ಊರಿಗೆ ಅದಕ್ಕಿಂತ ದೊಡ್ಡ ಕೊರತೆ.

ಈಗ ಮಂಗಳೂರು ನಗರದ ಅಂಚು ಕೈಕಂಬವನ್ನು ದಾಟಿ ಪೊಳಲಿಯ ಬಳಿ ಬಂದಿದೆ; ಬಿ.ಸಿ.ರೋಡು ಹೆದ್ದಾರಿಯ ಎರಡೂ ಬದಿಗೆ ಬೆಳೆದು ಉಪನಗರದ ಸ್ವರೂಪ ತಾಳಿದೆ. ಆಟ ನಡೆಯುತ್ತಿದ್ದ ಬಾಕಿಮಾರು ಗದ್ದೆಗಳು ಮಣ್ಣು ತುಂಬಿ ನಿವೇಶನಗಳಾಗುತ್ತಿವೆ. ಹೊಸಬಡಾವಣೆಯ ನಿವಾಸಿಗಳು, ಘಟ್ಟದ ಮೇಲಿನಿಂದ ಉದ್ಯೋಗಕ್ಕೆ ಬಂದವರು, ಉತ್ತರ ಭಾರತದ ಕೂಲಿಕಾರರು ನಮ್ಮ ಜಾತ್ರೆಯ ಹೊಸ ಪರವೂರಿನವರು. ಅವರಿಗೆ ಗುತ್ತಿನ ಮನೆಯಿಲ್ಲ, ಬಣವಿಲ್ಲ, ಕರೆದು ಕೂರಿಸುವ ನೆಂಟರಿಲ್ಲ. ನೇತಾರರ ಚಿತ್ರಗಳಿರುವ ಎತ್ತರದ ಫಲಕಗಳು ಅವರನ್ನು ಸ್ವಾಗತಿಸುತ್ತವೆ, ಮನುಷ್ಯರು ವಿಚಾರಿಸುವುದಿಲ್ಲ.

ಆದ್ದರಿಂದ ಉತ್ಸವ ಸಮಿತಿಗಳಲ್ಲಿ ದುಡಿಯುತ್ತಿರುವ, ಇಲ್ಲಿ ನನ್ನೆದುರಿಗೆ ಕುಳಿತಿರುವ ಬಂಧುಗಳಲ್ಲಿ ನನ್ನ ಬೇಡಿಕೆಗಳು ಅತ್ಯಂತ ಲೌಕಿಕವಾದುವು. ಹೊರೆಕಾಣಿಕೆಯ ಮೆರವಣಿಗೆಗೆ ಬಡಾವಣೆಯ ಮನೆಗಳಿಂದಲೂ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಕೇಳಿ ತನ್ನಿರಿ; ಕೊಟ್ಟವನು ಸಂತರ್ಪಣೆಯ ಪಂಕ್ತಿಯಲ್ಲಿ ಸಂಕೋಚವಿಲ್ಲದೆ ಕುಳಿತುಕೊಳ್ಳುವನು. ವಾಹನ ನಿಲ್ಲಿಸುವ ಗದ್ದೆಯಿಂದ ದೇವಸ್ಥಾನದವರೆಗಿನ ಬಿಸಿಲ ದಾರಿಗೆ ಸೋಗೆಯ ಚಪ್ಪರವನ್ನು ಎಳೆಯಿರಿ, ನಡುನಡುವೆ ಮಜ್ಜಿಗೆಯನ್ನೂ, ಅದನ್ನು ಕೊಡುತ್ತ ಎಲ್ಲಿಯವರೆಂದು ಕೇಳುವ ಇಬ್ಬರು ಹಿರಿಯರನ್ನೂ ಇರಿಸಿರಿ. ಹೆಂಗಸರಿಗೆ ಶುಚಿಯಾದ, ಬೆಳಕಿರುವ, ನೀರಿರುವ ಶೌಚಾಲಯಗಳು ಸಾಕಷ್ಟಿಲ್ಲದ ಕಾರಣದಿಂದಲೇ ಎಷ್ಟೋ ಮಂದಿ ತಾಯಂದಿರು ರಾತ್ರಿಯ ಬಲಿಯವರೆಗೆ ನಿಲ್ಲದೆ ಹೊರಟುಹೋಗುತ್ತಾರೆ. ಮಂಟಪದ ಬಣ್ಣದ ದೀಪಗಳ ಖರ್ಚಿನಲ್ಲಿ ಒಂದಂಶವನ್ನು ಅದಕ್ಕೆ ಮೊದಲು ತೆಗೆದಿರಿಸಿರಿ. ಆಟ ಮುಗಿಯುವ ಹೊತ್ತಿಗೆ ಬಿ.ಸಿ.ರೋಡಿಗೂ ಮೂಡುಬಿದಿರೆಗೂ ಬೆಳ್ತಂಗಡಿಗೂ ಒಂದೊಂದು ಬಸ್ಸು ಗೊತ್ತುಮಾಡಿರಿ. ಆ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂಬುದನ್ನು ಆಮಂತ್ರಣ ಪತ್ರಿಕೆಯಲ್ಲಿ, ಅಧ್ಯಕ್ಷರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಅಚ್ಚು ಹಾಕಿಸಿರಿ.