ಪರದೇಶಿ ಮೇಷ್ಟ್ರು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಕನ್ನಡದಲ್ಲಿ 'ಪರದೇಶಿ' ಅನ್ನೋ ಮಾತಿಗೆ ಎರಡು ಅರ್ಥ. ಒಂದು, ಬೇರೆ ದೇಶದವನು. ಇನ್ನೊಂದು, ಹಿಂದೆ ಮುಂದೆ ಯಾರೂ ಇಲ್ಲದ ದಿಕ್ಕೆಟ್ಟವನು. ನಮ್ಮ ಅವ್ವಂದಿರು 'ಪರದೇಶಿ ಮುಂಡೇದೆ' ಅಂತ ಬಯ್ಯೋದು ಎರಡನೇ ಅರ್ಥದಲ್ಲಿ. ಈ ಎರಡು ಅರ್ಥವೂ ಒಬ್ಬನೇ ಮನುಷ್ಯನ ತಲೆ ಮೇಲೆ ಬೀಳುವ ಒಂದು ಜಾಗ ಇದೆ. ಅದು ಯುರೋಪಿನ ಪಾಠದ ಕೋಣೆ. ಆ ದೇಶದ ಪ್ರಜೆ ಅಲ್ಲದವರು ಅಲ್ಲಿ ಮೇಷ್ಟ್ರಾಗಿ ನಿಂತರೆ ಏನಾಗುತ್ತದೆ ಅನ್ನೋದು ಇವತ್ತಿನ ವಿಷಯ.

ಇದು ನಮಗ್ಯಾಕೆ ಅಂತ ಕೇಳಬಹುದು. ನಮ್ಮ ಹುಡುಗ ಹುಡುಗಿಯರು ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನ ಹಿಡಿದು ಹೊರಗೆ ಹೋಗುತ್ತಿದ್ದಾರೆ. ಓದು ಮುಗಿಸಿ ಅಲ್ಲೇ ಪಾಠ ಹೇಳುವ ಆಸೆ ಇಟ್ಟುಕೊಂಡವರೂ ಇದ್ದಾರೆ. ಆಸೆ ತಪ್ಪಲ್ಲ. ಅಮೆರಿಕ ಮತ್ತು ಯುರೋಪಿನ ಐದು ವರ್ಷಗಳು ತಾನು ಅಸ್ಪೃಶ್ಯ ಅನ್ನೋ ನೆನಪನ್ನೇ ಅಳಿಸಿ ಹಾಕಿದ್ದವು ಎಂದು ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಹೇಳಿಕೊಂಡಿದ್ದಾರೆ. ಬರೋಡಕ್ಕೆ ಬಂದಿಳಿದರೆ ಇರೋದಕ್ಕೆ ಮನೆ ಸಿಗಲಿಲ್ಲ. 1918ರಲ್ಲಿ ಬೊಂಬಾಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದಾಗ, ಅಧ್ಯಾಪಕರ ನೀರಿನ ಹೂಜಿ ಮುಟ್ಟಬಾರದು ಅಂತ ಜೊತೆಯ ಪ್ರೊಫೆಸರುಗಳೇ ತಕರಾರು ತೆಗೆದರು. ಸ್ವಂತ ದೇಶದಲ್ಲೇ ಪರದೇಶಿ ಮೇಷ್ಟ್ರು! ಹಾಗಿರುವಾಗ ಹೊರಗೆ ಹೋಗಬೇಡಿ ಅಂತ ನಿಮಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಹೋಗಿ. ಆದರೆ ಅಲ್ಲಿನ ಮೆಟ್ಟಿಲುಗಳನ್ನು ತಿಳಿದುಕೊಂಡು ಹೋಗಿ.

ಮೊದಲು ಜರ್ಮನಿ. ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಾಗಬೇಕಾದರೆ ವಿಶ್ವವಿದ್ಯಾಲಯದ ಪರೀಕ್ಷೆ ಆದ ಮೇಲೆ ತರಬೇತಿ ಸೇವೆ ಮಾಡಬೇಕು. ಡೆಬೊರಾ ಲಾರಿ-ಬ್ಲುಮ್ ಎಂಬ ಬ್ರಿಟಿಷ್ ಹೆಣ್ಣುಮಗಳು ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಪಾಸು ಮಾಡಿದಳು. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ ಅವಳನ್ನು ತರಬೇತಿಗೆ ಸೇರಿಸಿಕೊಳ್ಳಲಿಲ್ಲ. ಕಾರಣ ಒಂದೇ: ನೀನು ಜರ್ಮನ್ ಪ್ರಜೆ ಅಲ್ಲ. ಕೋರ್ಟಿನಲ್ಲಿ ಆ ರಾಜ್ಯ ಹೂಡಿದ ವಾದ ಕೇಳಿ. ಮೇಷ್ಟ್ರು ಮಾರ್ಕ್ಸ್ ಕೊಡುತ್ತಾರೆ, ಮಕ್ಕಳನ್ನು ಪಾಸು ಫೇಲು ಮಾಡುತ್ತಾರೆ, ಅದು ರಾಜ್ಯದ ಅಧಿಕಾರ, ಆ ಅಧಿಕಾರವನ್ನು ಹೊರಗಿನವರ ಕೈಗೆ ಕೊಡೋದಕ್ಕಾಗಲ್ಲ! 1986ರ ಜುಲೈ 3ರಂದು ಯುರೋಪಿನ ನ್ಯಾಯಾಲಯ ಈ ವಾದವನ್ನು ಎತ್ತಿ ಆಚೆ ಎಸೆಯಿತು. ತರಬೇತಿಯ ಮೇಷ್ಟ್ರೂ ದುಡಿಯುವ ಕೆಲಸಗಾರ. ಹುಟ್ಟಿದ ದೇಶ ನೋಡಿ ಬಾಗಿಲು ಹಾಕುವಂತಿಲ್ಲ ಎಂದಿತು.

ಮಾರ್ಕ್ಸ್ ಹಾಕುವ ಪೆನ್ನು ಅಧಿಕಾರ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಟರ್ನಲ್ ಮಾರ್ಕ್ಸಿನ ರುಚಿ ಕಂಡವರು ನಾವು.

ಈಗ ಇಟಲಿ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷು, ಸ್ಪ್ಯಾನಿಷು, ಜರ್ಮನ್ ಕಲಿಸಲು ಆ ಭಾಷೆ ತಾಯ್ನುಡಿಯಾದವರನ್ನು ಕರೆಸಿಕೊಂಡರು. ಅವರನ್ನು 'ಲೆತ್ತೋರಿ' ಅಂತಾರೆ. 1980ರ ಆಜ್ಞೆ ಏನು ಹೇಳಿತು? ಕರಾರು ಒಂದು ವರ್ಷದ್ದು, ಹೆಚ್ಚೆಂದರೆ ಐದು ಸಲ ಮುಂದುವರಿಸಬಹುದು, ಆಮೇಲೆ ಮನೆಗೆ. ವೆನಿಸ್ ವಿಶ್ವವಿದ್ಯಾಲಯದಲ್ಲಿ ಹೀಗೆ ಕೆಲಸ ಕಳೆದುಕೊಂಡ ಸ್ಪೇನಿನ ಪಿಲಾರ್ ಅಲ್ಲುಯೆ, ಬ್ರಿಟನ್ನಿನ ಮೇರಿ ಕಾರ್ಮೆಲ್ ಕೂನನ್ ಕೋರ್ಟಿಗೆ ಹೋದರು. ಸರ್ಕಾರದ ಜವಾಬು ಏನು ಗೊತ್ತಾ? ಬಹಳ ವರ್ಷ ಇಲ್ಲೇ ಇದ್ದರೆ ಇವರಿಗೆ ತಾಯ್ನುಡಿಯ ಸಂಪರ್ಕ ತಪ್ಪಿಹೋಗುತ್ತದೆ, ಅದಕ್ಕೇ ಬದಲಾಯಿಸ್ತೀವಿ ಅಂತ! ಅವ್ವನ ಮಾತನ್ನು ಯಾರಾದರೂ ಐದು ವರ್ಷಕ್ಕೆ ಮರೀತಾರಾ? 1989ರ ಮೇ 30ರಂದು ನ್ಯಾಯಾಲಯ ಈ ನೆಪವನ್ನು ಒಪ್ಪಲಿಲ್ಲ. ಲೆತ್ತೋರಿಗಳಲ್ಲಿ ಇಟಲಿಯವರು ಕಾಲುಭಾಗ ಮಾತ್ರ, ಆದ್ದರಿಂದ ಈ ನಿಯಮದ ಏಟು ಹೊರಗಿನವರ ಬೆನ್ನಿಗೇ ಬೀಳುವಂಥದ್ದು ಎಂದು ಕಂಡುಕೊಂಡಿತು. 1993ರಲ್ಲಿ ವರ್ಷ ವರ್ಷದ ಕರಾರೂ ತಪ್ಪು ಎಂದಿತು.

ಗೆದ್ದಾಯಿತು ಅಂದುಕೊಂಡರಾ? 1995ರಲ್ಲಿ ಇಟಲಿ ಹೊಸ ಕಾನೂನು ತಂದು 'ಲೆತ್ತೋರಿ' ಅನ್ನೋ ಹುದ್ದೆಯನ್ನೇ ಅಳಿಸಿತು. ಅದೇ ಜನಕ್ಕೆ 'ಭಾಷಾ ಸಹಯೋಗಿಗಳು, ಭಾಷಾ ತಜ್ಞರು' ಎಂದು ಹೊಸ ಹೆಸರಿಟ್ಟಿತು. ಹಳೆಯ ಸೇವೆಯ ಲೆಕ್ಕ ಅಲ್ಲಿಗೇ ಬಿಟ್ಟುಹೋಯಿತು. ಹೆಸರು ಬದಲಾಯಿಸಿ ಹಕ್ಕು ಕೊಡದೆ ಇರೋ ಈ ವಿದ್ಯೆ ನಮಗೆ ಹೊಸದಲ್ಲ. 'ಹರಿಜನ' ಅನ್ನಿಸಿಕೊಂಡವರು ನಾವು. 2001ರಲ್ಲಿ ಮತ್ತೆ ತೀರ್ಪು, 2006ರಲ್ಲಿ ಮತ್ತೊಂದು. 2010ರ ಕೊನೆಯಲ್ಲಿ ಬಂದ ವಿಶ್ವವಿದ್ಯಾಲಯಗಳ ಕಾನೂನು, ನಡೀತಾ ಇದ್ದ ದಾವೆಗಳನ್ನೇ ಮುಗಿಸಿಹಾಕಲು ನೋಡಿತು. 2023ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಇಟಲಿಯನ್ನು ಪುನಃ ಅದೇ ನ್ಯಾಯಾಲಯಕ್ಕೆ ಎಳೆಯಿತು. 1989ರಿಂದ 2023, ಮೂವತ್ತನಾಲ್ಕು ವರ್ಷ! ಆಗ ತರುಣರಾಗಿದ್ದ ಮೇಷ್ಟ್ರುಗಳ ಕೂದಲು ಬೆಳ್ಳಗಾಯಿತು.

ಇಲ್ಲೊಂದು ವಿಷಯ ಗಮನಿಸಿ. 1955ರಲ್ಲಿ ಪಶ್ಚಿಮ ಜರ್ಮನಿ ಗಣಿಗೆ, ಕಾರ್ಖಾನೆಗೆ ಜನ ಬೇಕೆಂದು ಮೊದಲು ಒಪ್ಪಂದ ಮಾಡಿಕೊಂಡದ್ದು ಇದೇ ಇಟಲಿಯ ಜೊತೆ. ಹಾಗೆ ಬಂದವರನ್ನು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕೆಲಸಗಾರರು ಎಂದರು. ಅತಿಥಿಯಾಗಿ ನೊಂದ ನಾಡೇ ತನ್ನ ಮನೆಗೆ ಬಂದ ಮೇಷ್ಟ್ರನ್ನು ಜಗಲಿಯಲ್ಲಿ ನಿಲ್ಲಿಸಿತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ನಮ್ಮ ಜಾತಿಗೆ. ಪಾಸ್‌ಪೋರ್ಟನ್ನು ಜಾತಿಯ ಜೊತೆ ಒಂದೇ ತಕ್ಕಡಿಗೆ ಹಾಕಬಾರದು. ಪಾಸ್‌ಪೋರ್ಟು ಬದಲಾಗಬಹುದು, ಜಾತಿಯನ್ನು ಬದಲಾಯಿಸೋದಕ್ಕೆ ಇವರು ಬಿಟ್ಟಿಲ್ಲ. ಆದರೆ ತನಗಿಂತ ಕೆಳಗೆ ಒಬ್ಬನನ್ನು ನಿಲ್ಲಿಸಿಕೊಂಡು ಸಮಾಧಾನಪಡುವ ಬುದ್ಧಿ ಎರಡೂ ಕಡೆ ಒಂದೇ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಕೋರ್ಟಿನಲ್ಲಿ ಗೆದ್ದ ಇವರೆಲ್ಲ ಆಗ ಯುರೋಪಿನ ಒಕ್ಕೂಟದ ದೇಶಗಳ ಪ್ರಜೆಗಳಾಗಿದ್ದರು. ಭಾರತದ ಪಾಸ್‌ಪೋರ್ಟಿನವರು ಆ ಗೆಲುವಿನ ಹೊಸಿಲ ಆಚೆ ಇದ್ದೇವೆ. ಜರ್ಮನಿಯಲ್ಲಿ ಮೇಷ್ಟ್ರುಗಳ ಬಹುಪಾಲು ಜನ ಜೀವಮಾನದ ಸರ್ಕಾರಿ ನೌಕರರು. ಆ ಸ್ಥಾನ ಜರ್ಮನ್ನರಿಗೆ, ಒಕ್ಕೂಟದವರಿಗೆ, ಸ್ವಿಟ್ಜರ್ಲೆಂಡಿನಂಥ ಕೆಲವು ನೆರೆಯವರಿಗೆ. ನಮ್ಮಂಥವರಿಗೆ ಸಿಗುವುದು ವಿಶೇಷ ವಿನಾಯಿತಿ ಇದ್ದರೆ ಮಾತ್ರ. ಇಲ್ಲದಿದ್ದರೆ ಪಕ್ಕದ ಕೋಣೆಯಲ್ಲಿ ಅದೇ ಪಾಠ, ಕರಾರಿನ ನೌಕರಿ. ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲೂ ಒಕ್ಕೂಟದ ಹೊರಗಿನವರು ಕಾಯಂ ಮೇಷ್ಟ್ರಾಗುವ ಸ್ಪರ್ಧಾ ಪರೀಕ್ಷೆಗೆ ಕೂರುವಂತಿಲ್ಲ. ಕರಾರಿನ ಮೇಲೆ ಪಾಠ ಮಾತ್ರ ಮಾಡಬಹುದು. ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಗೆ ಮಾತ್ರ ಅಲ್ಲಿ ಯಾವ ದೇಶದವರಾದರೂ ನಡೆಯುತ್ತದೆ.

ಇದಕ್ಕಿಂತ ದೊಡ್ಡ ಭಯ, ವಾಸದ ಪರವಾನಗಿ ನೌಕರಿಗೆ ಗಂಟುಬಿದ್ದಿರೋದು. ಒಕ್ಕೂಟದ 2021ರ ಬ್ಲೂ ಕಾರ್ಡ್ ನಿರ್ದೇಶನದಲ್ಲಿ, ಕಾರ್ಡು ಸಿಕ್ಕಿ ಎರಡು ವರ್ಷ ಆಗದವರಿಗೆ ಕೆಲಸ ಹೋದರೆ ಭದ್ರವಾಗಿ ಸಿಗುವ ಕಾಲ 3 ತಿಂಗಳು, ಎರಡು ವರ್ಷ ದಾಟಿದವರಿಗೆ 6 ತಿಂಗಳು. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು. ಇಂಥ ಮೇಷ್ಟ್ರು ಹೆಡ್‌ಮಾಸ್ಟರಿಗೆ ಎದುರು ಮಾತಾಡಬೇಕಾದರೆ ಮನೆ, ಹೆಂಡತಿ ಮಕ್ಕಳು, ಟಿಕೆಟ್ಟಿನ ದುಡ್ಡು ಎಲ್ಲಾ ಕಣ್ಣಮುಂದೆ ಬರುತ್ತವೆ. ಬಾಯಿಗೆ ಬೀಗ ಹಾಕೋದಕ್ಕೆ ಬೇರೆ ಕಾನೂನು ಯಾಕೆ ಬೇಕು?

ಇದನ್ನು ಕೇಳಿ ಇಲ್ಲಿ ಕೂತಿರುವ ಅತಿಥಿ ಉಪನ್ಯಾಸಕರು ನಗುತ್ತಿದ್ದಾರೆ. ನಗಲೇಬೇಕು. ಇದು ಅವರ ಕಥೆಯೇ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರು ಪ್ರಜೆಗಳೇ, ಮತದಾರರೇ. ಆದರೂ ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಅಂತ ಕಾಯಬೇಕು. ಅತಿಥಿಗೆ ಊಟ ಹಾಕಿ ಕಳಿಸೋದು ನಮ್ಮ ಕಡೆಯ ಪದ್ಧತಿ. ಅತಿಥಿ ಕೈಲಿ ಮನೆಕೆಲಸವನ್ನೆಲ್ಲ ಮಾಡಿಸಿಕೊಂಡು ಬಾಗಿಲು ತೋರಿಸೋದು ಯಾವ ಪದ್ಧತಿ?

ಹೋಗುವವರು ನಾಲ್ಕು ಮಾತು ಗಂಟು ಹಾಕಿಕೊಳ್ಳಿ. ಕರಾರುಪತ್ರವನ್ನು ಸಹಿಗೆ ಮುಂಚೆ ಅಕ್ಷರ ಅಕ್ಷರ ಓದಿ. ಹುದ್ದೆಯ ಹೆಸರು ಏನಿದೆ, ಎಷ್ಟು ದಿನಕ್ಕೆ, ಆಮೇಲೇನು ಅಂತ ಕೇಳಿ. ಒಂದು ಚೀಟಿಯನ್ನೂ ಎಸೆಯಬೇಡಿ. ಹಿಂಬಾಕಿ ಸಂಬಳದ ಲೆಕ್ಕ ಕೇಳಬೇಕಾದರೆ ಹಳೆಯ ಕಾಗದವೇ ಸಾಕ್ಷಿ. ಇಂಗ್ಲಿಷೊಂದನ್ನೇ ನಂಬಿಕೊಂಡಿರದೆ ಆ ನಾಡಿನ ಭಾಷೆ ಕಲಿಯಿರಿ. ನಿಮ್ಮ ಹಕ್ಕು ಬರೆದಿರೋದು ಆ ಭಾಷೆಯಲ್ಲಿ. ಅಲ್ಲಿನ ಮೇಷ್ಟ್ರುಗಳ ಸಂಘಕ್ಕೆ ಮೊದಲ ತಿಂಗಳೇ ಸೇರಿ, ಜರ್ಮನಿಯ ಜಿ.ಇ.ಡಬ್ಲ್ಯು.ದಂಥ ಸಂಘ ಪ್ರಜೆ ಅಲ್ಲದವರನ್ನೂ ಸೇರಿಸಿಕೊಳ್ಳುತ್ತದೆ. ಅದೇ ನಿರ್ದೇಶನಗಳ ಸಾಲಿನಲ್ಲಿ 2003ರದ್ದೊಂದು ಇದೆ: ಕಾನೂನುಬದ್ಧವಾಗಿ 5 ವರ್ಷ ಎಡೆಬಿಡದೆ ಇದ್ದು, ಆದಾಯ, ವಿಮೆಯ ಷರತ್ತು ತೀರಿಸಿದವರು ದೀರ್ಘಕಾಲದ ನಿವಾಸಿ ಸ್ಥಾನ ಕೇಳಬಹುದು. ಮೊದಲ ದಿನದಿಂದಲೇ ಆ ಐದು ವರ್ಷದ ಲೆಕ್ಕ ಇಡಿ.

ಲೆತ್ತೋರಿಗಳು ಒಬ್ಬೊಬ್ಬರಾಗಿದ್ದಾಗ ಅವರನ್ನು ವರ್ಷಕ್ಕೊಮ್ಮೆ ಕಳಿಸಿಬಿಡೋದು ಸುಲಭ ಇತ್ತು. ಸಂಘ ಕಟ್ಟಿ, ಅರ್ಜಿ ಬರೆದು, ಕೋರ್ಟಿನ ಮೆಟ್ಟಿಲು ಸವೆಸಿದ ಮೇಲೆ ಒಂದು ಸರ್ಕಾರ ಮತ್ತೆ ಮತ್ತೆ ಕಟಕಟೆಯಲ್ಲಿ ನಿಲ್ಲಬೇಕಾಯಿತು. ಶಿಕ್ಷಣ, ಸಂಘಟನೆ, ಹೋರಾಟ ಎಂದು ನಾವು ಗೋಡೆಯ ಮೇಲೆ ಬರೆಯುವ ಮೂರು ಮಾತುಗಳಿಗೆ ವೀಸಾ ಬೇಕಿಲ್ಲ. ಎಲ್ಲಿಗೆ ಹೋದರೂ ಅವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ.

ಜೈ ಭೀಮ್.