ಮನೆಯೊಳಗಿನ ನೀರು

ಮನೆಯ ಆರೋಗ್ಯವೆಂದೊಡನೆ ನಮ್ಮ ಮನಸ್ಸು ಔಷಧದ ಕಡೆಗೆ ಹರಿಯುವುದು ಸಹಜ. ಆದರೆ ರೋಗ ಬಂದ ಮೇಲೆ ಮಾಡುವುದು ಚಿಕಿತ್ಸೆ; ಬಾರದಂತೆ ನೋಡಿಕೊಳ್ಳುವುದು ಸಂಸಾರದ ಶಿಸ್ತು. ಆ ಶಿಸ್ತಿಗೆ ಸೇರಿದ ಅಂಶಗಳು ಹಲವು. ಎಲ್ಲವನ್ನೂ ಒಂದೇ ಭಾಷಣದಲ್ಲಿ ತುಂಬಿದರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಆದುದರಿಂದ ಈ ಹೊತ್ತು ಒಂದೇ ವಸ್ತುವನ್ನು ಹಿಡಿದು ನಿಮ್ಮೊಡನೆ ಮಾತನಾಡುತ್ತೇನೆ. ಅದು ನಾವು ಮನೆಯೊಳಗೆ ತಂದು ತುಂಬಿಡುವ ನೀರು.

ಊರಿನ ನೀರಿನ ಹೊಣೆ ಸರಕಾರದ್ದು, ಪಂಚಾಯಿತಿಯದು, ನಗರಸಭೆಯದು. 2019ರಲ್ಲಿ ಜಲಜೀವನ ಯೋಜನೆ ಆರಂಭವಾದ ಮೇಲೆ ಎಷ್ಟೋ ಹಳ್ಳಿಮನೆಗಳ ಬಾಗಿಲಿಗೆ ನಲ್ಲಿ ಬಂದಿದೆ. ಸಂತೋಷದ ಸಂಗತಿಯೇ ಸರಿ. ಆದರೆ ನಲ್ಲಿಯಿಂದ ಬಾಯಿಗೆ ಬರುವುದರೊಳಗೆ ನೀರು ಇನ್ನೂ ಒಂದು ಪ್ರಯಾಣ ಮಾಡುತ್ತದೆ. ನಲ್ಲಿಯಿಂದ ಕೊಡಕ್ಕೆ, ಕೊಡದಿಂದ ಗುಡಾಣಕ್ಕೋ ಡ್ರಮ್ಮಿಗೋ, ಅಲ್ಲಿಂದ ಚೆಂಬಿಗೆ, ಚೆಂಬಿನಿಂದ ಲೋಟಕ್ಕೆ. ನಲ್ಲಿಯಲ್ಲಿ ಒಳ್ಳೆಯದಾಗಿದ್ದ ನೀರು ಈ ನಾಲ್ಕು ಹೆಜ್ಜೆಗಳಲ್ಲಿ ಕೆಡುವುದುಂಟು. ಈ ನಾಲ್ಕು ಹೆಜ್ಜೆಗಳ ಯಜಮಾನಿಕೆ ಮಾತ್ರ ಸಂಪೂರ್ಣವಾಗಿ ನಮ್ಮದು.

ಕನ್ನಡದಲ್ಲಿ ‘ತಿಳಿ’ ಎಂಬ ಮಾತಿಗೆ ಎರಡು ಅರ್ಥ. ಕಲಕಿದ ನೀರು ಸ್ವಚ್ಛವಾಗುವುದು ಒಂದು, ಅರಿಯುವುದು ಇನ್ನೊಂದು. ತಿಳಿನೀರು, ತಿಳಿವು ಎರಡೂ ಒಂದೇ ಬೇರಿನವು. ಸೊಗಸಾದ ಮಾತೇನೋ ಹೌದು. ಆದರೆ ಆರೋಗ್ಯದ ವಿಷಯದಲ್ಲಿ ಈ ಮಾತು ನಮ್ಮನ್ನು ಸ್ವಲ್ಪ ಮೋಸಗೊಳಿಸುತ್ತದೆ. ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ? ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ಇವನ್ನು ತರುವ ಕ್ರಿಮಿಗಳು ಕಣ್ಣಿಗೆ ಕಾಣುವುದಿಲ್ಲ. ಮೂಗಿಗೂ ನಾಲಗೆಗೂ ಸಿಕ್ಕುವುದಿಲ್ಲ. ಮುಂಗಾರಿನ ಮೊದಲ ವಾರಗಳಲ್ಲಿ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಸಾಕು, ಈ ಕಾಣದ ಶತ್ರುವಿನ ಕೆಲಸ ಉಪಾಧ್ಯಾಯರಿಗೆ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಕುದಿಸುವುದು. ‘ಬಿಸಿ ಮಾಡಿದ್ದೇವೆ’ ಎಂದರೆ ಸಾಲದು. ನೀರು ತಳದಿಂದ ಮೇಲೆದ್ದು ಕೊತಕೊತನೆ ಕುದಿಯತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ ಹಾಗೆಯೇ ಬಿಡಬೇಕು. ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿರುವ ಬೆಟ್ಟದೂರುಗಳಲ್ಲಿ ಮೂರು ನಿಮಿಷ ಬೇಕು; ನಮ್ಮ ನಾಡಿನ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ ಅಷ್ಟು ಎತ್ತರವಿಲ್ಲವಾದ್ದರಿಂದ ನಮಗೆ ಒಂದು ನಿಮಿಷ ಸಾಕು. ನೀರು ಕದಡಿದ್ದರೆ ಮೊದಲು ತಂಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಬೇಕು. ಕುದಿಸಿದ ಪಾತ್ರೆಯಲ್ಲಿಯೇ ಮುಚ್ಚಿಟ್ಟು ಆರಿಸಬೇಕು. ತಾಮ್ರದ ತಂಬಿಗೆಯಲ್ಲಿ ಇಟ್ಟರೆ ಸಾಲದೆ ಎಂದು ಕೇಳುವವರುಂಟು. ತಾಮ್ರಕ್ಕೆ ಕ್ರಿಮಿಗಳನ್ನು ಕೊಲ್ಲುವ ಗುಣವಿರುವುದು ನಿಜ. ಆದರೆ ಅದಕ್ಕೆ ಬಹಳ ಗಂಟೆಗಳು ಬೇಕು. ಊರಿನಲ್ಲಿ ಭೇದಿ ಹರಡಿರುವಾಗ ಅದನ್ನೊಂದನ್ನೇ ನಂಬಿ ಕೂರಬಾರದು.

ಇಲ್ಲಿ ಒಂದು ಎಚ್ಚರಿಕೆ. ಕುದಿಸುವುದರಿಂದ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಾಢವಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಸೀಮೆಯವರು ಆಳದ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು, ಮೂಳೆಗಳಿಗೆ ಹಾನಿ. ಅಲ್ಲಿ ಶುದ್ಧೀಕರಿಸಿದ ನೀರು ಅಥವಾ ಶುಚಿಯಾಗಿ ಹಿಡಿದ ಮಳೆನೀರು ಮೇಲು.

ಎರಡನೆಯದು ಕೈ. ಕುದಿಸಿ ಆರಿಸಿದ ನೀರಿಗೆ ಬೆರಳು ಅದ್ದಿದ ಲೋಟ ಇಳಿದರೆ ಸೌದೆಯೂ ಗ್ಯಾಸೂ ವ್ಯರ್ಥ. ಕುಡಿಯುವ ನೀರಿನ ಪಾತ್ರೆಗೆ ಬಾಯಿ ಕಿರಿದಾಗಿರಲಿ, ನಲ್ಲಿಯಿದ್ದರೆ ಉತ್ತಮ. ಇಲ್ಲವಾದರೆ ಉದ್ದ ಹಿಡಿಯ ಸೌಟನ್ನು ಗೋಡೆಯ ಮೊಳೆಗೆ ತೂಗಹಾಕಿ, ಅದರಿಂದಲೇ ತೆಗೆಯತಕ್ಕದ್ದು. ನಮ್ಮ ಹಿರಿಯರು ಮಡಿನೀರನ್ನು ಬೇರೆಯಾಗಿ ಮುಚ್ಚಿಡುತ್ತಿದ್ದರು. ಮುಚ್ಚಿಡುವ ಆ ಅಭ್ಯಾಸ ಒಳ್ಳೆಯದೇ. ಆದರೆ ಮುಟ್ಟಿದವರು ಯಾರು ಎಂದು ಕ್ರಿಮಿ ಕೇಳುವುದಿಲ್ಲ. ಮುಟ್ಟಿದ ಕೈ ಸಾಬೂನು ಕಂಡಿದೆಯೆ ಎಂಬುದೊಂದೇ ಅದರ ಪ್ರಶ್ನೆ. ಶೌಚಕ್ಕೆ ಹೋಗಿಬಂದ ಮೇಲೆ, ಮಗುವನ್ನು ತೊಳೆದ ಮೇಲೆ, ಅಡುಗೆಗೂ ಊಟಕ್ಕೂ ಮುಂಚೆ ಸಾಬೂನಿನಿಂದ ಕೈ ತೊಳೆಯುವುದೇ ಇಂದಿನ ಮಡಿ.

ಇಷ್ಟು ಸಣ್ಣ ಕೆಲಸದಿಂದ ಏನಾದೀತು ಎನ್ನುವವರಿಗೆ ನಾರುಹುಣ್ಣಿನ ಕಥೆಯನ್ನು ಹೇಳಬೇಕು. ಮೆಟ್ಟಿಲುಬಾವಿಯ ನೀರಿನಲ್ಲಿರುವ ಸೂಕ್ಷ್ಮವಾದ ಒಂದು ಜಲಕೀಟವನ್ನು ನುಂಗಿದರೆ, ಅದರೊಳಗಿನ ಮರಿಹುಳು ದೇಹದಲ್ಲಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ ನಾರಿನಂತೆ ಕಾಲಿನಿಂದ ಹೊರಬರುತ್ತಿತ್ತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಈ ಪೀಡೆಯಿತ್ತು. ಇದನ್ನು ಗುಣಪಡಿಸುವ ಔಷಧವಿಲ್ಲ, ತಡೆಯುವ ಚುಚ್ಚುಮದ್ದಿಲ್ಲ. ಬಟ್ಟೆಯಲ್ಲಿ ನೀರು ಸೋಸುವುದು, ಮೆಟ್ಟಿಲುಬಾವಿಗೆ ಕಾಲಿಡದಂತೆ ತಡೆಯುವುದು, ಸುರಕ್ಷಿತ ನೀರನ್ನು ಒದಗಿಸುವುದು, ಇವೇ ಮುಖ್ಯ ಆಯುಧಗಳು. 1996ರಲ್ಲಿ ಭಾರತದ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಗೆಲುವಿನಲ್ಲಿ ನೀರು ಸೋಸಿದ ಸಾವಿರಾರು ತಾಯಂದಿರ ಪಾಲೂ ಇದೆ.

ಮೂರನೆಯದು ನಿಂತ ನೀರು. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕನ್ನು ಬಯಸುವುದಿಲ್ಲ. ಅದಕ್ಕೆ ಬೇಕಾದುದು ನಾವು ತುಂಬಿಟ್ಟ ತಿಳಿನೀರೇ! ಅದು ಕಚ್ಚುವುದೂ ಹಗಲಿನಲ್ಲಿ. 2024ರಲ್ಲಿ ನಮ್ಮ ರಾಜ್ಯ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂತು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಸುಮಾರು ಏಳರಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಂದು ದಿನ ತೊಟ್ಟಿ, ಡ್ರಮ್ಮು, ಬಾನಿಗಳನ್ನು ಬರಿದು ಮಾಡಿದರೆ ಆ ಸಂತತಿ ಅಲ್ಲಿಗೇ ಮುಗಿಯಿತು. ಬರಿದು ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ನೀರಿನ ಮಟ್ಟದ ಮೇಲೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ. ಮತ್ತೆ ನೀರು ಸೋಕಿದೊಡನೆ ಒಡೆಯುತ್ತದೆ. ಹಿತ್ತಿಲಿನ ತೆಂಗಿನ ಚಿಪ್ಪು, ಹಳೆಯ ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿದ್ದ ಅಡಿಕೆಹಾಳೆ, ರಬ್ಬರಿನ ಹಾಲು ಹಿಡಿಯುವ ಬಟ್ಟಲು, ಇವನ್ನೂ ಅದೇ ದಿನ ನೋಡಿ. ಜ್ವರ ಬಂದರೆ ಆಸ್ಪಿರಿನ್ ನುಂಗದೆ ವೈದ್ಯರನ್ನು ಕಾಣಿ.

ನೀರಿನಿಂದ ಅಪಘಾತಗಳೂ ಉಂಟು. ಅಂಬೆಗಾಲಿಡುವ ಕೂಸಿಗೆ ಬಕೆಟ್ಟಿನಲ್ಲಿರುವ ಒಂದು ಗೇಣು ನೀರೂ ಮಡುವೇ. ಬಳಸದ ಬಕೆಟ್ಟನ್ನು ಬೋರಲು ಹಾಕಿ. ಸಂಪಿನ ಮುಚ್ಚಳಕ್ಕೆ ಬೀಗವಿರಲಿ. ಮುಚ್ಚಿದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರನ್ನು ಇಡಲೇಬಾರದು. ಅದರಿಂದ ಹೊರಡಬಹುದಾದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬಿದ್ದು ಪ್ರಾಣ ಕಳೆದುಕೊಂಡದ್ದುಂಟು. ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ಕಾಯಿಲನ್ನು ಬಳಸುವವರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಎಷ್ಟೇ ಜಾಗ್ರತೆಯಿದ್ದರೂ ಮಗುವಿಗೆ ಭೇದಿಯಾದರೆ ಗಾಬರಿ ಬೇಡ, ತಡವೂ ಬೇಡ. ‘ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ’ ಎಂಬ ಮಾತನ್ನು ಬಿಟ್ಟುಬಿಡಿ. ಭೇದಿಯಲ್ಲಿ ಕೂಸಿನ ಪ್ರಾಣ ತೆಗೆಯುವುದು ಮುಖ್ಯವಾಗಿ ನೀರಿನ ನಷ್ಟ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನೊಬಿಸರು ಉಪ್ಪು, ಸಕ್ಕರೆಯ ಜಾತಿಯ ಗ್ಲೂಕೋಸು, ಅಡುಗೆ ಸೋಡ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಓ.ಆರ್.ಎಸ್. ಪೊಟ್ಟಣ ಆಶಾ ಕಾರ್ಯಕರ್ತೆಯರ ಬಳಿ ದೊರೆಯುತ್ತದೆ. ಅದು ಕೈಗೆ ಸಿಗುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀಚಮಚ ಸಕ್ಕರೆ, ಅರ್ಧ ಮಟ್ಟ ಟೀಚಮಚ ಉಪ್ಪು ಕದಡಿ, ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹೆಚ್ಚಾಗಕೂಡದು. ಒಂದು ದಿನ ಮೀರಿದ್ದನ್ನು ಚೆಲ್ಲಿಬಿಡಿ. ಮೊಲೆಹಾಲನ್ನು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ನೀರಿನ ಕೆಲಸವೆಂದರೆ ಹೆಂಗಸರದೆಂದು ಬಿಟ್ಟಿದ್ದೇವೆ. ಹಿಡಿಯುವವಳು ಅವಳು, ಹೊರುವವಳು ಅವಳು, ಕಾಯಿಸುವವಳು ಅವಳು. ಕುಡಿಯುವವರು ಮಾತ್ರ ಎಲ್ಲರೂ! ತೊಟ್ಟಿ ತಿಕ್ಕುವುದಕ್ಕೆ ಮನೆಯ ಗಂಡಸರೂ ಗಂಡುಮಕ್ಕಳೂ ಸೆರಗು ಸಿಕ್ಕಿಸಬೇಕಾಗಿಲ್ಲ, ತೋಳು ಮಡಿಸಿದರೆ ಸಾಕು. ಭಾನುವಾರವೋ ಸಂತೆಯ ದಿನವೋ, ನಿಮಗೆ ಅನುಕೂಲವಾದ ವಾರವೊಂದನ್ನು ಗೊತ್ತುಮಾಡಿಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹೊಣೆಯನ್ನು ಮನೆಯ ಹುಡುಗನೊಬ್ಬನಿಗೆ ಒಪ್ಪಿಸಿ.