ಹೊಗಳಿಕೆ ಸಾಲದು, ಮತವೂ ಬೇಕು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಸಾರ)



ಒಡೆಯನಿಲ್ಲದೆ, ಕೂಲಿಯಿಲ್ಲದೆ ಜನರು ತಾವೇ ಕೂಡಿ ದೊಡ್ಡ ಕೆಲಸ ಮಾಡಬಲ್ಲರೇ ಎಂದು ನಮ್ಮನ್ನು ಹಂಗಿಸುವವರುಂಟು. ಅಂಥವರಿಗೆ ನಾವು ಡೆಬಿಯನ್ ಸಂಸ್ಥೆಯನ್ನು ತೋರಿಸೋಣ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಇದನ್ನು ಆರಂಭಿಸಿದರು. ಅನೇಕ ದೇಶಗಳ ಸ್ವಯಂಸೇವಕರು ಕೂಡಿ ಕಂಪ್ಯೂಟರನ್ನು ನಡೆಸುವ ತಂತ್ರಾಂಶವನ್ನು ಇಲ್ಲಿ ಸಿದ್ಧಪಡಿಸುತ್ತಾರೆ. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಸದಸ್ಯರು ಪ್ರತಿವರ್ಷ ಮತ ಹಾಕಿ ತಮ್ಮ ನಾಯಕನನ್ನು ಆರಿಸುತ್ತಾರೆ.

ಆದರೆ ಮತ ಯಾರಿಗೆ? ಹಿಂದೆ ಸದಸ್ಯತ್ವದ ದಾರಿ ಮುಖ್ಯವಾಗಿ ತಂತ್ರಾಂಶವನ್ನು ಅಣಿಗೊಳಿಸುವವರಿಗೆ ಇತ್ತು. ಕೈಪಿಡಿ ಬರೆಯುವವರು, ತಮ್ಮ ತಮ್ಮ ಭಾಷೆಗೆ ಅನುವಾದಿಸುವವರು, ಸಮ್ಮೇಳನ ನಡೆಸುವವರು ವರ್ಷಗಟ್ಟಲೆ ದುಡಿದರೂ ಹೊರಗಿನವರಂತೆಯೇ ಉಳಿಯುವ ಸ್ಥಿತಿಯಿತ್ತು. 2010ರಲ್ಲಿ ಸದಸ್ಯರು ಈ ಪ್ರಶ್ನೆಯನ್ನೇ ಮತಕ್ಕೆ ಹಾಕಿದರು. ಇಂಥ ದುಡಿಮೆಗಾರರನ್ನೂ ಪೂರ್ಣ ಮತಾಧಿಕಾರದೊಡನೆ ಸದಸ್ಯರನ್ನಾಗಿ ಸ್ವಾಗತಿಸಬೇಕೆಂದು ತೀರ್ಮಾನವಾಯಿತು.

ಇದು ನ್ಯಾಯದ ಮಾತು. ಇಂಥ ಕೈಗಳು ಇಲ್ಲದೆಡೆ ಅಪಾಯವೂ ಇದೆ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝಡ್ ಎಂಬ ತಂತ್ರಾಂಶ ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿದೆ. ಅದನ್ನು ಫಿನ್ಲೆಂಡಿನ ಲಾಸ್ಸೆ ಕಾಲಿನ್ ಎಂಬವರು ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವೆಂದು 2022ರಲ್ಲಿ ಕೆಲವರು ಅವರನ್ನು ಪೀಡಿಸಿದರು. ನೆರವಿನ ಹೆಸರಿನಲ್ಲಿ ಒಬ್ಬ ಅಪರಿಚಿತ ಸೇರಿಕೊಂಡ, ವಿಶ್ವಾಸ ಗಳಿಸಿದ, 2024ರಲ್ಲಿ ಅದರೊಳಗೆ ಕಳ್ಳಬಾಗಿಲನ್ನಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬವರು ಬೇರೊಂದು ತಂತ್ರಾಂಶದ ವೇಗವನ್ನು ಅಳೆಯುವ ಕೆಲಸದಲ್ಲಿದ್ದಾಗ, ಯಂತ್ರದ ಒಳಹೋಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿ, ಬೆನ್ನುಹತ್ತಿ, ಮಾರ್ಚ್ ತಿಂಗಳಲ್ಲಿ ಅದನ್ನು ಬಯಲಿಗೆಳೆದರು.

ಪತ್ರಗಳಿಗೆ ಉತ್ತರಿಸುವವರು, ದೂರುಗಳನ್ನು ವಿಂಗಡಿಸುವವರು, ಪರೀಕ್ಷಿಸಿ ನೋಡುವವರು ಸುತ್ತ ಇದ್ದರೆ ಒಬ್ಬನ ಹೆಗಲು ಹೀಗೆ ಕುಸಿಯುವುದಿಲ್ಲ. ಎಲ್ಲವನ್ನೂ ದಣಿದ ಒಬ್ಬನ ಮೇಲೆ ಹೊರಿಸಿದ ಮನೆಗೆ ಕಳ್ಳ ಸುಲಭವಾಗಿ ನುಗ್ಗುತ್ತಾನೆ.

ಈಗ ನಮ್ಮತ್ತ ನೋಡೋಣ. ವೇದಿಕೆಯ ಮೇಲೆ ಮಾತನಾಡುವವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಜಮಖಾನ ಹಾಸಿದವರು, ರಸೀತಿ ಪುಸ್ತಕ ಹಿಡಿದು ಬೀದಿ ಸುತ್ತಿದವರು, ಸಭೆಯ ನಡಾವಳಿ ಬರೆದವರು ವಂದನಾರ್ಪಣೆಯ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಅವರಲ್ಲಿ ಎಷ್ಟು ಮಂದಿ ನಮ್ಮ ಸಮಿತಿಗಳಲ್ಲಿದ್ದಾರೆ? ಸಮಾನತೆಯನ್ನು ಊರಿಗೆ ಬೋಧಿಸುವ ನಾವು ಮೊದಲು ನಮ್ಮ ಸದಸ್ಯರ ಪಟ್ಟಿಯನ್ನು ತೆರೆದು ಓದೋಣ. ದುಡಿಮೆಯಲ್ಲಿ ಪಾಲುಗೊಂಡವರಿಗೆ ತೀರ್ಮಾನದಲ್ಲೂ ಪಾಲಿರಲಿ.